ಗುಳಿಗೆ ಬಿಡಿಸಬಹುದಾ ಅಂತ ಕೇಳಿದರು

21 ಜುಲೈ 2024, ಭಾನುವಾರ ರಾತ್ರಿ, ಪುಣೆ

ಗುರುಪೂರ್ಣಿಮೆ ಅಂತ ಇವತ್ತು ಮಂದಿ ಜಾಸ್ತಿ. ಕಾಲಿಗೆ ಬೀಳಲು ಬಂದವರನ್ನೆಲ್ಲ, ನಮ್ಮ ಹೀಲಿಂಗ್ ಬೈಠಕ್ (ನಾದ ಕೇಳಿ ಮನಸ್ಸು ಹಗುರ ಮಾಡಿಕೊಳ್ಳುವ ಕೂಟ) ನಡೆಸುವ ಅಕ್ಕ, ತಂಬೂರಿಯ ಕಡೆ ತಿರುಗಿಸಿದರು. "ನನಗ ಬ್ಯಾಡ್ರಿ, ಅದಕ್ಕ ಮಾಡ್ರಿ ನಮಸ್ಕಾರ." ಹೂವು, ಪೇಢೆ, ಶಾಲು ಎಲ್ಲ ಒಂದು ಮೂಲೆಯಲ್ಲಿ ರಾಶಿಯಾಯಿತು. ಅದಿರಲಿ. ನನ್ನ ನಿದ್ದೆ ಕೆಡಿಸಿದ್ದು ಪುಣೆಯದೇ ಹಡಪ್ಸರದಿಂದ ಬಂದಿದ್ದ ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ).

ಅವರು ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ಬೀದಿಗೆ ಬಂದರೆ ಮರಾಠಿ. ನಮ್ಮ ಬೈಠಕ್‌ಗೆ ಮೊದಲ ಸಲ ಬಂದಿದ್ದರು. ಎರಡು ಬಸ್ ಬದಲಿಸಿ, ಮಳೆಯಲ್ಲಿ, ಸೀರೆಯ ಅಂಚು ಒದ್ದೆ ಮಾಡಿಕೊಂಡು.

ಎಂದಿನಂತೆ ಅಕ್ಕ ಮೊದಲು ತಂಬೂರಿ ಶ್ರುತಿ ಮಾಡಿದರು. ಒಳಗೆ ಮಾಡಿಕೊಂಡು ಬರುವುದಿಲ್ಲ, ಎಲ್ಲರ ಎದುರಿಗೇ ಮಾಡುತ್ತಾರೆ. ಮಿರಜಿನಲ್ಲಿ ಮಾಡಿಸಿದ ತಂಬೂರಿ ಅದು. ಬುರುಡೆ ಪಂಢರಪುರದ ಕಡೆ ಬೆಳೆದ ಸೋರೆ. ತಂತಿಗಳನ್ನು ಹೊತ್ತ ಪುಟ್ಟ ಸೇತುವೆಗೆ ಕುದುರೆ ಅನ್ನುತ್ತಾರೆ; ಅದರ ಮೇಲೆ, ತಂತಿಯ ಕೆಳಗೆ ಒಂದೆಳೆ ದಾರ ಇರುತ್ತದೆ. ಅದನ್ನು ಉಗುರಿನಿಂದ ಚೂರು ಹಿಂದೆ, ಚೂರು ಮುಂದೆ ಸರಿಸುತ್ತಾರೆ. ಸರಿಸಿ ಮೀಟುತ್ತಾರೆ, ಮತ್ತೆ ಸರಿಸುತ್ತಾರೆ. ದಾರ ತನ್ನ ಜಾಗಕ್ಕೆ ಬಂತು ಅಂದರೆ ಅಲ್ಲಿವರೆಗೆ ಟಣ್ ಅನ್ನುತ್ತಿದ್ದ ತಂತಿ ಒಮ್ಮೆಲೇ ಗುಂಯ್ ಅನ್ನತೊಡಗುತ್ತದೆ. ಅಷ್ಟು ಹೊತ್ತಿಗೆ ಕೂತವರ ಉಸಿರು ಅರ್ಧ ನಿಧಾನವಾಗಿರುತ್ತದೆ. ಪ್ರತಿ ಸಲ ನೋಡುತ್ತೇನೆ, ಆದರೂ ಸಾಕು ಅನಿಸಿಲ್ಲ.

ಆಮೇಲೆ ಕಂಚಿನ ಬಟ್ಟಲು ಬಾರಿಸುವುದು ನನ್ನ ಕೆಲಸ. ಕೊನೆಗೆ ಎಲ್ಲರಿಗೂ ಹಾಳೆ, ಇದ್ದಿಲು. ಮನಸ್ಸಿಗೆ ಬಂದದ್ದು ಗೀಚಬೇಕು. ಮಾವಶಿ ಒಂದು ಹಾಸಿಗೆ ಬರೆದರು, ಅದರ ಪಕ್ಕ ಒಂದು ಕುರ್ಚಿ. ಕುರ್ಚಿಯನ್ನು ಮಾತ್ರ ತಿದ್ದಿ ತಿದ್ದಿ ಕಪ್ಪು ಮಾಡಿದರು.

ಮಂದಿ ಹೋದ ಮೇಲೂ ಅವರು ಏಳಲಿಲ್ಲ. ನಾನು ಚಾಪೆ ಸುತ್ತುತ್ತಿದ್ದೆ.

"ಅಕ್ಕಾರ, ನನ್ನ ಮಗಗ ಫಿಟ್ಸ್ ಬರ್ತಾವ್ರಿ. ಸಣ್ಣಾವ ಇದ್ದಾಗಿಂದ ಗುಳಿಗಿ ನುಂಗ್ತಾನ. ದಿನಾ ಮಂಪರ. ಶ್ರಾವಣದಾಗ ಹೆಣ್ಣಿನ ಮನಿಯವ್ರು ಬರ್ತಾರ. ಗುಳಿಗಿ ನೋಡಿದ್ರ ಅವ್ರು ಏನ್ ಅಂತಾರ? ಇಲ್ಲಿ ಕೂಡಿಸಿ ಬಿಡಿಸಬಹುದೇನ್ರಿ?"

ಅಕ್ಕ ತಂಬೂರಿಗೆ ಗವಸು ಹಾಕುತ್ತಿದ್ದವರು ನಿಲ್ಲಿಸಿದರು.

"ಬ್ಯಾಡ್ರಿ. ಒಂದು ಹೊತ್ತಿನ ಗುಳಿಗೀನೂ ತಪ್ಪಿಸಬ್ಯಾಡ್ರಿ. ಒಮ್ಮೆಲೇ ನಿಲ್ಲಿಸಿದ್ರ ಫಿಟ್ಸ್ ಒಂದರ ಹಿಂದ ಒಂದು ಬರ್ತಾವ. ಜೀವಕ್ಕ ಅಪಾಯ."

"ಹಂಗಾರ ನೀವ ಹೇಳಿದ್ರಲ್ಲ, ಖಾನ್ ಸಾಹೇಬರ ಪ್ಲೇಗ್ ಹಾಡಿ ಹಾಡೇ ಹೋತು ಅಂತ?"

ಹೇಳಿದ್ದು ಹೌದು. ಪ್ರತಿ ಬೈಠಕ್‌ನ ಶುರುವಿಗೆ ಅಕ್ಕ ಆ ಕಥೆ ಹೇಳುತ್ತಾರೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಮಿರಜಿಗೆ ಬಂದಾಗ ಪ್ಲೇಗ್ ತಗುಲಿತಂತೆ. ಮೀರಾಸಾಹೇಬರ ದರ್ಗಾದಲ್ಲಿ ಹಾಡು ಅಂದರಂತೆ ಯಾರೋ. ಹಾಡಿದರು, ಉಳಿದರು, ಮಿರಜಿನಲ್ಲೇ ನಿಂತರು. 1937ರಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದೂ ಅಲ್ಲೇ. ಈಗಲೂ ದರ್ಗಾದ ಉರುಸಿನಲ್ಲಿ ದೊಡ್ಡ ದೊಡ್ಡ ಗಾಯಕರು ಬಂದು ಹಾಡುತ್ತಾರೆ. ಅಕ್ಕನ ತವರು ಕುಂದಗೋಳದ ಕಡೆ. ಸವಾಯಿ ಗಂಧರ್ವರ ಊರು, ಖಾನ್ ಸಾಹೇಬರ ಶಿಷ್ಯರಲ್ವಾ ಅವರು. ಈ ಕಥೆ ಅಕ್ಕ ತೊಟ್ಟಿಲಲ್ಲೇ ಕೇಳಿರಬೇಕು.

ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮಾವಶಿಯ ಕೈ ಹಿಡಿದುಕೊಂಡರು.

"ತಂಗೀ, ಹಾಡಿ ಉಳಿದವ್ರ ಕಥಿ ಊರೆಲ್ಲಾ ಹೇಳ್ತದ. ಹಾಡಿ ಸತ್ತವ್ರೂ ಇದ್ದಾರ. ಅವ್ರ ಕಥಿ ಯಾರೂ ಹೇಳಂಗಿಲ್ಲ. ನೀವು ಇರೋದು ಹಡಪ್ಸರ. ಅದ ಪ್ಲೇಗಿನ್ಯಾಗ ಸಾವಿತ್ರಿಬಾಯಿ ಫುಲೆ, ಅವ್ರ ಮಗ ಡಾಕ್ಟರ್ ಯಶವಂತ, ನಿಮ್ಮ ಕಡೇನ ದವಾಖಾನಿ ಹಾಕಿದ್ರು. ಮುಂಢವಾದಾಗ ಒಂದು ಹುಡುಗಗ ಪ್ಲೇಗ್ ಬಂದಿತ್ತು. ಸಾವಿತ್ರಿಬಾಯಿ ಅವನ್ನ ಬೆನ್ನ ಮ್ಯಾಲೆ ಹೊತ್ಕೊಂಡು ದವಾಖಾನಿಗೆ ಓಡಿದ್ರು. ಕಡೀಕ ಅದ ಬ್ಯಾನಿ ಹತ್ತಿ ತಾವು ಹೋದ್ರು. ನೀವು ಮಗನ್ನ ಎತ್ಕೊಂಡು ಹೋಗೋದಿದ್ರ ಆ ಕಡೆ ಹೋಗ್ರಿ. ನನ್ನ ಕಡೆ ನೀವು ಬರ್ರಿ. ಆ ಕುರ್ಚ್ಯಾಗ ರಾತ್ರಿಯೆಲ್ಲಾ ಕೂಡೋರು ನೀವ ಅಲ್ಲೇನು?"

ಮಾವಶಿಯ ಮುಖ ಇಳಿದುಹೋಯಿತು. ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಪೇಢೆ ಕೊಟ್ಟೆ, ತೆಗೆದುಕೊಳ್ಳಲಿಲ್ಲ. "ಬರ್ತೀನ್ರಿ" ಅಂದರು, ಅಷ್ಟೇ.

ಅಪ್ಪ ಹೋದ ಮೇಲೆ ನನ್ನ ಕೈಯಿಂದ ಒಂದು ಸಾಲೂ ಬಂದಿರಲಿಲ್ಲ. ಆಗ ಅಕ್ಕ ನನಗೆ ಬರಿ ಅನ್ನಲಿಲ್ಲ. ಬಟ್ಟಲು ಒರೆಸಲು ಹೇಳಿದರು. ತಿಂಗಳುಗಟ್ಟಲೆ ಒರೆಸಿದೆ. ಒಂದು ದಿನ ಒರೆಸುತ್ತಾ ಅಪ್ಪನ ಊಟದ ತಾಟಿನ ಬಗ್ಗೆ ಮಾತಾಡತೊಡಗಿದೆ. "ಈಗ ಇದನ್ನ ಬರಿ" ಅಂತ ಪೆನ್ನು ಕೊಟ್ಟರು. ಬರೆದದ್ದನ್ನು ಗಟ್ಟಿಯಾಗಿ ಓದಿಸಿದರು. ಅತ್ತಲ್ಲೆಲ್ಲ ಸುಮ್ನೆ ತಂಬೂರಿ ಮೀಟುತ್ತಿದ್ದರು. ನನಗೆ ಅಕ್ಕನಿಂದ ಸಿಕ್ಕಿದ್ದು ಅದು. ನಿಜವಾದದ್ದು, ದೊಡ್ಡದು. ಆದರೆ ಅದೇ ತಿಂಗಳುಗಳಲ್ಲಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿದವರೂ ಅವರೇ. ಎರಡೂ ಒಟ್ಟಿಗೇ ನಡೆದವು. ಇದನ್ನು ನಾನು ಎಲ್ಲರಿಗೂ ಹೇಳಬೇಕು ಅನಿಸುತ್ತಿದೆ, ಇಲ್ಲಿಂದಲೇ ಶುರು.

ವಾಪಸ್ ಬರುವಾಗ ಓಂಕಾರೇಶ್ವರದ ಹತ್ತಿರದ ಸೇತುವೆಯ ಮೇಲೆ ನಡೆದೆವು. ನದಿ ಕೆಂಪಗೆ ಹರಿಯುತ್ತಿತ್ತು. 2013ರ ಆಗಸ್ಟ್ 20ರ ಬೆಳಿಗ್ಗೆ ವಾಕಿಂಗ್‌ಗೆ ಬಂದ, ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದದ್ದು ಇದೇ ಸೇತುವೆಯ ಮೇಲೆ. ಪ್ರತಿ ವರ್ಷ ಆ ದಿನ ಅಕ್ಕ ಇಲ್ಲಿಗೆ ಬರುತ್ತಾರೆ. ಹೀಲಿಂಗ್ ಮಾಡುವವರಿಗೆ ಇಲ್ಲೇನು ಕೆಲಸ ಅಂತ ಕೇಳಿದವರಿದ್ದಾರೆ. ದಾಭೋಲ್ಕರ್ ತೀರಿಕೊಂಡ ಆ ವರ್ಷವೇ ಡಿಸೆಂಬರಿನಲ್ಲಿ ಮಾಟಮಂತ್ರದ ವಿರುದ್ಧ ಮಹಾರಾಷ್ಟ್ರದ ಕಾನೂನು ಪಾಸಾಯಿತು. ಹಾವು, ಚೇಳು, ನಾಯಿ ಕಚ್ಚಿದವರನ್ನು ಡಾಕ್ಟರ ಹತ್ತಿರ ಹೋಗದಂತೆ ತಡೆದು ಮಂತ್ರ ಹಾಕಿದರೆ ಅದು ಅಪರಾಧ. ಅಕ್ಕ ಆ ಕಾನೂನಿನ ಮರಾಠಿ ಪ್ರತಿಯನ್ನು ತಂಬೂರಿ ಇಡುವ ಕೋಣೆಯಲ್ಲೇ ಇಟ್ಟಿದ್ದಾರೆ.

"ಖಾನ್ ಸಾಹೇಬರ ಕಥೆ ಬಿಟ್ಟುಬಿಡೋಣ ಅಕ್ಕ" ಅಂದೆ.

"ಬಿಡಂಗಿಲ್ಲ. ಅದು ನಮ್ಮ ಕಥಿ. ಇನ್ನ ಮ್ಯಾಲೆ ಎರಡೂ ಹೇಳೋಣು. ಖಾನ್ ಸಾಹೇಬರದ್ದೂ, ಸಾವಿತ್ರಿಬಾಯಿದ್ದೂ."

ನಾನು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ಕಷ್ಟದಲ್ಲಿರುವವರ ಕಿವಿಗೆ ಎರಡು ಕಥೆ ಹಾಕಿದರೆ ಅವರಿಗೆ ಬೇಕಾದ ಒಂದೇ ಕೇಳಿಸುತ್ತದೆ. ಮೊದಲ ಸಲ ಬಂದವರ ಮುಂದೆ ಪವಾಡದ ಕಥೆ ಬೇಡವೇ ಬೇಡ. ಬರೀ ತಂಬೂರಿ ಸಾಕು. ಇದನ್ನೆಲ್ಲ ಹೇಳಿಯೂ ಹೇಳಿದೆ. ಅಕ್ಕ ಸಿಟ್ಟಾಗಲಿಲ್ಲ. "ಮುಂದಿನ ಹುಣ್ಣಿಮಿಗೆ ಶುರುವಿಂದು ನೀನ ಮಾತಾಡು, ನೋಡೋಣು" ಅಂದರು. ಹೊಟ್ಟೆಯಲ್ಲಿ ಆಗಲೇ ಕಲೆಸಿದಂತಾಗುತ್ತಿದೆ.

ಮುಂದಿನ ಹುಣ್ಣಿಮೆಯದು ಆಮೇಲೆ. ನನ್ನ ಹೆದರಿಕೆ ಬೇರೆ. ನಾವು ಬ್ಯಾಡ ಅಂದೆವು ಅಂತ ಮಾವಶಿ ಬಿಡಿಸ್ತೀನಿ ಅನ್ನುವವರನ್ನು ಹುಡುಕಿಕೊಂಡು ಹೋದರೆ? ಅಂಥವರು ಈ ಊರಲ್ಲಿ ಕಡಿಮೆ ಇಲ್ಲ. ಮಂಪರು ಜಾಸ್ತಿ ಆಗುತ್ತಿದ್ದರೆ ಡಾಕ್ಟರ್ ಗುಳಿಗೆಯ ಪ್ರಮಾಣ ಬದಲಿಸಬಹುದು, ಬೇರೆ ಗುಳಿಗೆ ಕೊಡಬಹುದು. ವರ್ಷಗಟ್ಟಲೆ ಫಿಟ್ಸ್ ಬರದಿದ್ದರೆ ಅವರೇ ನಿಧಾನವಾಗಿ ಕಡಿಮೆ ಮಾಡುವುದೂ ಉಂಟು. ಇದನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಯೇ ಇಲ್ಲ ಅನಿಸುತ್ತದೆ. ಹೆಣ್ಣಿನವರಿಗೆ ಮುಚ್ಚಿಡುವ ವಿಷಯ ಇನ್ನೊಂದು. ಆ ಹುಡುಗಿಗೂ ಗೊತ್ತಾಗಬೇಕಲ್ವಾ. ಇದನ್ನು ಮಾವಶಿಗೆ ಯಾವ ಬಾಯಲ್ಲಿ ಹೇಳುವುದು?

ಹೆಸರು ಬರೆಸಿದ ವಹಿಯಲ್ಲಿ ಅವರ ಫೋನ್ ನಂಬರ್ ಇದೆ. ಅವರು ಹೂಂ ಅಂದರೆ ಡಾಕ್ಟರ ಹತ್ತಿರ ಅಕ್ಕನೂ ಬರುತ್ತಾರಂತೆ. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಲಾ, ಆ ಹೊತ್ತಿಗೆ ಮಗ ಎದ್ದಿರುತ್ತಾನೋ ಏನೋ, ಅವನೇ ಎತ್ತಿದರೆ ನಾನು ಯಾರು ಅಂತ ಹೇಳಲಿ