‘ನಿಮ್ಮದು ಯಾವ ಊರು?’ ಎಂದು ವೇದಿಕೆಯಿಂದ ಕೇಳುವುದು

ದೂರದ ಉಪನಗರ ಡೊಂಬಿವಲಿಯಲ್ಲಿ ಮನೆಯಿರುವವನು ಮುಂಬಯಿಯ ಅಂಧೇರಿಯ ಸ್ಟ್ಯಾಂಡ್-ಅಪ್ ಪ್ರದರ್ಶನವೊಂದರಲ್ಲಿ ಮೊದಲ ಸಾಲಿನಲ್ಲಿ ಕುಳಿತರೆ ಏನಾಗುತ್ತದೆ ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ವೇದಿಕೆಯ ಮೇಲಿನವನು ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಡೊಂಬಿವಲಿ ಎಂದೊಡನೆ, ‘ಹಾಗಾದರೆ ಈಗಲೇ ಹೊರಡಿ, ಕೊನೆಯ ಲೋಕಲ್ ತಪ್ಪಿಹೋಗುತ್ತದೆ’ ಎನ್ನುತ್ತಾನೆ. ಈ ಮಾತನ್ನು ನಾನು ಐದು ಮಂದಿ ಬೇರೆ ಬೇರೆ ಕಲಾವಿದರ ಬಾಯಲ್ಲಿ ಕೇಳಿದ್ದೇನೆ, ಮತ್ತು ಐದೂ ಸಲ ಅದು ಆ ಗಳಿಗೆಯಲ್ಲೇ ಹುಟ್ಟಿದ ಮಾತೆಂದು ನಂಬಿ ಜನ ಚಪ್ಪಾಳೆ ತಟ್ಟಿದ್ದಾರೆ. ಐದನೆಯ ಸಲ ನಾನೂ ತಟ್ಟಿದೆ; ಹುಡುಗ ಹೇಳಿದ ರೀತಿ ಚೆನ್ನಾಗಿತ್ತು.

ಹಗಲು ಬ್ಯಾಂಕಿನ ಕೆಲಸ ಮುಗಿಸಿ, ವಾರಕ್ಕೆ ಒಂದೆರಡು ರಾತ್ರಿ, ಹೊಸಬರಿಗೂ ವೇದಿಕೆ ಸಿಗುವ ಓಪನ್ ಮೈಕ್‌ಗಳಲ್ಲಿ ನಾಲ್ಕೈದು ನಿಮಿಷ ನಿಂತು ಬರುವ ಚಟ ನನಗೆ ಹತ್ತಿ ನಾಲ್ಕು ವರ್ಷಗಳಾದವು. ಈ ನಾಲ್ಕು ವರ್ಷಗಳಲ್ಲಿ ನನ್ನ ವಾರಗೆಯವರ ನಡುವೆ ಎಲ್ಲಕ್ಕಿಂತ ಹೆಚ್ಚು ನಡೆದ ಚರ್ಚೆಯೆಂದರೆ, ಬರೆದು ತಿದ್ದಿ ತಂದ ಮಾತು ಮೇಲೋ, ಸಭಿಕರನ್ನು ಮಾತಿಗೆಳೆದು ಅಲ್ಲೇ ನಗೆ ಹುಟ್ಟಿಸುವ ‘ಕ್ರೌಡ್ ವರ್ಕ್’ ಮೇಲೋ ಎಂಬುದು. ನಾನು ಬರವಣಿಗೆಯ ಪಕ್ಷದವನು. ಆದರೆ ಅದಕ್ಕೆ ನಾನು ಕೊಡುವ ಕಾರಣ ನನ್ನ ಗೆಳೆಯರಿಗೆ ತಲೆಕೆಳಗಾಗಿ ಕಾಣುತ್ತದೆ: ಸಭಿಕರ ಮಾತಿಗೆ ಹೆಚ್ಚು ಬೆಲೆ ಸಿಗುವುದು ಬರೆದು ತಂದ ಹಾಸ್ಯದಲ್ಲೇ ಎಂಬುದು ನನ್ನ ವಾದ.

ಕ್ರೌಡ್ ವರ್ಕ್ ಮಾಡುವವನ ಜೇಬಿನಲ್ಲಿ ಏನೂ ಇರುವುದಿಲ್ಲ ಎಂದು ನೋಡುಗರು ಭಾವಿಸುತ್ತಾರೆ. ವಾಸ್ತವದಲ್ಲಿ ಅವನು ಹತ್ತು ಹನ್ನೆರಡು ಖಾನೆಗಳ ಒಂದು ಕಪಾಟನ್ನೇ ಹೊತ್ತು ಬಂದಿರುತ್ತಾನೆ. ಮುಂಬಯಿಯ ಅರವತ್ತು ಕುರ್ಚಿಗಳ ಕೋಣೆಯೊಂದರಲ್ಲಿ ಏನು ಕೆಲಸ ಎಂದು ಕೇಳಿದರೆ ಬರುವ ಉತ್ತರಗಳು ಬೆರಳೆಣಿಕೆಯವು: ಐಟಿ, ಸಿಎ, ಮಾರ್ಕೆಟಿಂಗ್, ಸ್ಟಾರ್ಟ್‌ಅಪ್, ಇಲ್ಲವೇ ಎಂಬಿಎ ಓದುತ್ತಿದ್ದೇನೆ ಎಂಬುದು. ಜೋಡಿಯಾಗಿ ಬಂದವರನ್ನು ಮದುವೆಯಾಗಿದೆಯೇ ಎಂದು ಕೇಳಿದರೆ ಹೌದು, ಇಲ್ಲ ಎಂಬುದರ ಜೊತೆಗೆ ಒಂದು ಮುಜುಗರದ ಮೌನ, ಅಲ್ಲಿಗೆ ಮೂರೇ ಉತ್ತರ. ಒಂದೊಂದಕ್ಕೂ ಒಂದು ಖಾನೆಯುಂಟು. ಬಂದ ಉತ್ತರವನ್ನು ಅವನು ಮೈಕಿನಲ್ಲಿ ಇನ್ನೊಮ್ಮೆ ಗಟ್ಟಿಯಾಗಿ ಹೇಳುವುದನ್ನು ನೀವು ಗಮನಿಸಿರಬಹುದು. ಹಿಂದಿನ ಸಾಲಿನವರಿಗೆ ಕೇಳಲಿ ಎಂಬುದು ಅದಕ್ಕೆ ಹೇಳಿಕೊಳ್ಳುವ ಕಾರಣ, ಯಾವ ಖಾನೆಯೆಂದು ಹುಡುಕಲು ಎರಡು ಸೆಕೆಂಡು ಸಿಗಲಿ ಎಂಬುದು ಒಳಗಿನ ಕಾರಣ. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ, ಇದೂ ಒಂದು ಕಸುಬು. ಖಾನೆಯೇ ಇಲ್ಲದ ಉತ್ತರ ಬಂದಾಗಲೂ ತಡವರಿಸದೆ ಮಾತು ಹೊಂದಿಸುವವರು ಇದ್ದಾರೆ, ಅವರಿಗೆ ನಾನು ಕೈ ಮುಗಿಯುತ್ತೇನೆ; ಆದರೆ ಅಂಥವರು ಕಡಿಮೆ.

ಈಗ ಇದರ ಭರಾಟೆ ಇಷ್ಟು ಹೆಚ್ಚಿರುವುದಕ್ಕೆ ಕಾರಣ ಕಲೆಗಿಂತ ಮೊಬೈಲಿನಲ್ಲಿದೆ. ಬರೆದ ಹಾಸ್ಯವನ್ನು ಒಮ್ಮೆ ರೀಲ್ಸ್‌ನಲ್ಲಿ ಬಿಟ್ಟರೆ ಅದು ಉರಿದುಹೋದ ಬತ್ತಿ. ಅದನ್ನೇ ಮತ್ತೆ ವೇದಿಕೆಯಲ್ಲಿ ಹೇಳಿದರೆ ಟಿಕೆಟ್ ಕೊಂಡು ಬಂದವರು ‘ಇದನ್ನು ನೋಡಿದ್ದೇವೆ’ ಎಂಬ ಮುಖ ಮಾಡುತ್ತಾರೆ. ಒಂದು ಗಂಟೆಯ ಗಟ್ಟಿ ಸರಕು ಸಿದ್ಧವಾಗಲು ವರ್ಷವೋ ಎರಡು ವರ್ಷವೋ ಬೇಕು, ರೀಲ್ಸ್ ಮಾತ್ರ ವಾರಕ್ಕೆ ಎರಡಾದರೂ ಬೇಕು. ಆದ್ದರಿಂದ ಕಲಾವಿದರು ಬರೆದದ್ದನ್ನು ಬಚ್ಚಿಟ್ಟು, ಮತ್ತೊಂದು ರಾತ್ರಿ ಉಪಯೋಗಕ್ಕೆ ಬಾರದ ಸಭಿಕರ ಮಾತುಕತೆಯನ್ನು ಹೊರಗೆ ಬಿಡುತ್ತಾರೆ. ಅಮೆರಿಕದಲ್ಲಿ ಮ್ಯಾಟ್ ರೈಫ್ ಹೆಸರು ಮಾಡಿದ್ದು ಇಂಥ ತುಣುಕುಗಳಿಂದಲೇ. 2024ರಲ್ಲಿ ಅವನು ನೆಟ್‌ಫ್ಲಿಕ್ಸ್‌ಗಾಗಿ ಬರೀ ಕ್ರೌಡ್ ವರ್ಕ್‌ನದೇ ಒಂದು ಪೂರ್ಣ ಕಾರ್ಯಕ್ರಮ ಮಾಡಿದ. ಅದಕ್ಕೂ ಹತ್ತು ವರ್ಷ ಮೊದಲು, 2014ರಲ್ಲಿ, ಟಾಡ್ ಬ್ಯಾರಿ ಸಿದ್ಧ ಸರಕನ್ನು ಬದಿಗಿಟ್ಟು ಊರೂರು ತಿರುಗಿದ ಪ್ರವಾಸದ ಚಿತ್ರವನ್ನು ಬಿಡುಗಡೆ ಮಾಡಿದ್ದ, ಆದರೆ ಅದು ಪಳಗಿದ ಕಲಾವಿದನೊಬ್ಬ ತನಗೆ ತಾನೇ ಒಡ್ಡಿಕೊಂಡ ಸವಾಲಿನಂತಿತ್ತು. ಇಂದಿನ ಹುಡುಗರಿಗೆ ಅದು ಮೊದಲ ಮೆಟ್ಟಿಲು. ನೋಡುಗರೂ ಸ್ಟ್ಯಾಂಡ್-ಅಪ್ ಎಂದರೆ ಇದೇ ಎಂದು ತಿಳಿದು, ತಮ್ಮನ್ನು ಮಾತನಾಡಿಸಲಿ ಎಂದೇ ಮುಂದೆ ಬಂದು ಕೂರುತ್ತಾರೆ, ಮಾತನಾಡಿಸದಿದ್ದರೆ ತಾವೇ ಆರಂಭಿಸುತ್ತಾರೆ.

ಕೋಣೆಯ ಅಳತೆಯದೂ ಒಂದು ಮಾತಿದೆ. 2010ರಲ್ಲಿ ಲೋವರ್ ಪರೇಲಿನ ಮಾಲ್‌ನಲ್ಲಿ ಬ್ರಿಟನ್ನಿನ ‘ಕಾಮೆಡಿ ಸ್ಟೋರ್’ ಎಂಬ ಹಾಸ್ಯ ಕ್ಲಬ್ ಬಾಗಿಲು ತೆರೆದ ಮೇಲೆ ಈ ನಗರದಲ್ಲಿ ಸ್ಟ್ಯಾಂಡ್-ಅಪ್ಪಿಗೆಂದೇ ಒಂದು ಜಾಗ ಸಿಕ್ಕಿತು. ಆಮೇಲೆ ಹುಟ್ಟಿಕೊಂಡದ್ದೆಲ್ಲ ಬಹುಪಾಲು ಸಣ್ಣ ಕೋಣೆಗಳೇ, ಕಲಾವಿದನ ಮೊಣಕಾಲಿಗೆ ಮೊದಲ ಸಾಲಿನವರ ಮೊಣಕಾಲು ತಾಗುವಂಥವು. ಅಲ್ಲಿ ಸಂಭಾಷಣೆ ಸಾಧ್ಯ. 2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಿಂದಿಯಲ್ಲೇ ಕಾರ್ಯಕ್ರಮ ಕೊಟ್ಟ ಜಾಕಿರ್ ಖಾನ್, ಅಷ್ಟು ದೊಡ್ಡ ಸಭೆಯಲ್ಲಿ ಯಾರನ್ನೋ ನೀವೇನು ಮಾಡುತ್ತೀರಿ ಎಂದು ಕೇಳುತ್ತ ನಿಂತರೆ ಮೇಲಿನ ಸಾಲಿನವರಿಗೆ ಪ್ರಶ್ನೆ ಮಾತ್ರ ಕೇಳಿಸೀತು. ಅಲ್ಲಿ ನಿಲ್ಲುವುದು ಕಟ್ಟಿ ತಂದ ಕಥೆ.

ನಮ್ಮವರಿಗೆ ಈ ಜಗಳ ಹೊಸದೇನೂ ಅಲ್ಲ. ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಮೊದಲೇ ಗೊತ್ತಿರುವುದು, ಪಾತ್ರವಾಗಿ ಕುಳಿತ ಅರ್ಥಧಾರಿ ಆಡುವ ಮಾತು ಆ ರಾತ್ರಿಯದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದದ್ದು, ಎದುರಾಳಿಯ ಪ್ರಶ್ನೆಗೆ ಈ ಸಲ ಏನು ಹೇಳಿಯಾರು ಎಂಬ ಕುತೂಹಲದಿಂದ. ಇದನ್ನು ತೋರಿಸಿ ‘ನಮ್ಮ ಪರಂಪರೆಯೇ ಆಶುಮಾತಿನದು’ ಎಂದು ಕ್ರೌಡ್ ವರ್ಕ್‌ನ ಪರ ವಾದಿಸುವ ಮಿತ್ರನೊಬ್ಬ ನನಗಿದ್ದಾನೆ. ಅವನು ಒಂದನ್ನು ಮರೆಯುತ್ತಾನೆ. ತಾಳಮದ್ದಳೆಯಲ್ಲಿ ಎದುರು ಕುಳಿತವನೂ ಪುರಾಣ ಓದಿ, ಪಟ್ಟು ಕಲಿತು ಬಂದ ಅರ್ಥಧಾರಿಯೇ. ದಣಿದು ನಗಲು ಬಂದ ಶ್ರೋತೃವನ್ನು ಎಬ್ಬಿಸಿ ನಿಲ್ಲಿಸಿ ವಾಲಿವಧೆಯ ತರ್ಕ ಕೇಳುವುದಿಲ್ಲ. ಮಾಸ್ಟರ್ ಹಿರಣ್ಣಯ್ಯನವರು ನಾಟಕದ ನಡುವೆ ಅಂದಂದಿನ ರಾಜಕೀಯವನ್ನು ತಂದು ಝಾಡಿಸುತ್ತಿದ್ದದ್ದು ಪ್ರಸಿದ್ಧ; ಅವರ ಏಟು ಬೀಳುತ್ತಿದ್ದದ್ದು ಅಧಿಕಾರದಲ್ಲಿದ್ದವರಿಗೆ, ಟಿಕೆಟ್ ಕೊಂಡವನಿಗಲ್ಲ. ಹೋಗುತ್ತಿದ್ದಷ್ಟು ದೂರ ಹೋಗಿ ಮರಳಿ ಬರಲು ಒಂದು ನಾಟಕವೂ ಅವರಿಗಿತ್ತು.

ಹೀಗೆಲ್ಲ ವಾದಿಸುವ ನಾನೇ ಕಳೆದ ಡಿಸೆಂಬರಿನಲ್ಲಿ ಸಿಕ್ಕಿಬಿದ್ದೆ.

ಮಾಟುಂಗಾದಲ್ಲಿ ನಡೆದ ಕನ್ನಡಿಗರ ವಾರ್ಷಿಕೋತ್ಸವವೊಂದರಲ್ಲಿ, ಸನ್ಮಾನಕ್ಕೂ ಊಟಕ್ಕೂ ನಡುವಣ ಹದಿನೈದು ನಿಮಿಷವನ್ನು ನನಗೆ ಕೊಟ್ಟಿದ್ದರು. ಕನ್ನಡದಲ್ಲಿ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ನನ್ನ ತಂದೆ ಹದಿಮೂರನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಫಡ್ಕ ಹಿಡಿದವರು. ನನ್ನ ಸಿದ್ಧ ಸರಕು ಅವರ ಮೇಲೆಯೇ ಇತ್ತು. ಊರಿಗೆ ಅವರು ಬರೆಯುತ್ತಿದ್ದ ಕಾಗದದಲ್ಲಿ ‘ಇಲ್ಲಿ ದಿನಕ್ಕೆ ಐನೂರು ಜನ ನನ್ನ ದಾರಿ ಕಾಯುತ್ತಾರೆ’ ಎಂದಿರುತ್ತಿತ್ತು ಎಂದು ಹೇಳಿ, ಒಂದು ಕ್ಷಣ ಬಿಟ್ಟು, ‘ಟೇಬಲ್ ಒರೆಸಲಿಕ್ಕೆ’ ಎನ್ನುವುದು. ಈ ಪುಟ್ಟ ಮಾತು ಹೀಗೆ ನಿಲ್ಲಲು ಎಂಟೊಂಬತ್ತು ಪ್ರಯೋಗಗಳು ಬೇಕಾಗಿದ್ದವು. ಮೊದಲು ನಾನು ‘ಅಪ್ಪ ಟೇಬಲ್ ಒರೆಸುತ್ತಿದ್ದರು’ ಎಂದು ಪೂರ್ಣ ವಾಕ್ಯ ಹೇಳುತ್ತಿದ್ದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಗು ‘ಟೇಬಲ್’ ಎಂಬಲ್ಲೇ ಹೊರಟು, ‘ಒರೆಸುತ್ತಿದ್ದರು’ ಎಂಬುದು ಆ ನಗುವಿನ ಮೇಲೆ ಬಿದ್ದು ಅದನ್ನು ಅರ್ಧಕ್ಕೆ ತಣಿಸುತ್ತಿತ್ತು. ಯಾವ ಸಭಿಕನೂ ಎದ್ದುನಿಂತು ಇದನ್ನು ನನಗೆ ಹೇಳಿಕೊಡಲಿಲ್ಲ. ನಗುವುದನ್ನು ನಿಲ್ಲಿಸಿ ತಿಳಿಸಿದರು. ಬರೆದ ಹಾಸ್ಯದಲ್ಲಿ ಸಭಿಕರ ಮಾತಿಗೆ ಬೆಲೆಯಿದೆ ಎಂದು ನಾನು ಹೇಳಿದ್ದು ಇದನ್ನೇ.

ಆ ದಿನ ಆರಂಭದಲ್ಲಿ ಸಭೆ ಸ್ವಲ್ಪ ಬಿಗಿಯಾಗಿತ್ತು, ಕೈಯಲ್ಲಿ ಊಟದ ಕೂಪನ್ ಬೇರೆ. ಬಿಸಿ ಮಾಡೋಣವೆಂದು, ನಾನೇ ಹಳಿಯುವ ವಿದ್ಯೆಯನ್ನು ಬಳಸಿ, ಮೊದಲ ಸಾಲಿನಲ್ಲಿದ್ದ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರನ್ನು ‘ನಿಮ್ಮದು ಯಾವ ಊರು, ಯಜಮಾನ್ರೇ?’ ಎಂದು ಕೇಳಿದೆ. ಅಂಧೇರಿಯಲ್ಲಿ ಅದು ಹಾಸ್ಯದ ಪೀಠಿಕೆ. ಕನ್ನಡಿಗರ ಸಭೆಯಲ್ಲಿ ಅದು ಸಂಬಂಧ ಹುಡುಕುವ ಪ್ರಶ್ನೆ ಎಂಬುದು ನನಗೆ ಹೊಳೆಯಬೇಕಿತ್ತು.

‘ಕಾರ್ಕಳದ ಹತ್ತಿರ. ನಿನ್ನದು?’

ಹೇಳಿದೆ.

‘ಯಾರ ಮಗ ನೀನು?’

ತಂದೆಯ ಹೆಸರನ್ನೂ ಅವರಿದ್ದ ಹೋಟೆಲನ್ನೂ ಹೇಳಿದೆ. ಅವರು ಪಕ್ಕದವರ ಕಡೆ ತಿರುಗಿ, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ತಮಗಿಂತ ಒಂದು ತರಗತಿ ಮುಂದಿದ್ದವನು ಎಂದು ವಿವರಿಸತೊಡಗಿದರು. ಪಕ್ಕದವರು ಹಿಂದಿನ ಸಾಲಿಗೆ ಸುದ್ದಿ ದಾಟಿಸಿದರು. ಮೈಕು ನನ್ನ ಕೈಯಲ್ಲಿತ್ತು, ಸಭೆ ಅವರ ಕೈಗೆ ಹೋಗಿತ್ತು. ಹೇಗೋ ಸಾವರಿಸಿಕೊಂಡು ನನ್ನ ಐನೂರು ಜನರ ಮಾತಿಗೆ ಬಂದೆ, ‘ಟೇಬಲ್ ಒರೆಸಲಿಕ್ಕೆ’ ಎಂಬುದಕ್ಕೆ ಒಳ್ಳೆಯ ನಗುವೂ ಬಂತು. ಅದು ಇಳಿಯುವಷ್ಟರಲ್ಲಿ ಯಜಮಾನರು ಕೂತಲ್ಲಿಂದಲೇ ಹೇಳಿದರು: ‘ಒರೆಸುವವನನ್ನಾದರೂ ಜನ ಕಾಯ್ತಾರೆ ಮಾರಾಯ. ನಾನು ಒಳಗೆ ಮೋರಿಯಲ್ಲಿದ್ದವ. ನನ್ನನ್ನು ಕಾಯ್ತಾ ಇದ್ದದ್ದು ಪ್ಲೇಟು ಮಾತ್ರ.’

ಆ ಸಭಾಂಗಣದಲ್ಲಿ ಆ ಸಂಜೆ ಎದ್ದ ನಗುವಿನ ಅರ್ಧದಷ್ಟನ್ನೂ ನಾನು ನಾಲ್ಕು ವರ್ಷಗಳಲ್ಲಿ ಎಬ್ಬಿಸಿಲ್ಲ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದರು. ‘ಅವರನ್ನು ಮೊದಲೇ ಹೇಳಿಕೊಟ್ಟು ಕೂರಿಸಿದ್ದೆಯಾ?’ ಎಂದು ನನ್ನ ಅತ್ತಿಗೆಯೇ ಕೇಳಿದಳು.

ನನ್ನ ಮಿತ್ರ ಗೆದ್ದೆನೆಂದು ಬೀಗಿದ. ನಾನು ಒಪ್ಪಲಿಲ್ಲ, ಯಾಕೆಂದರೆ ಮುಂದೇನಾಯಿತು ಎಂಬುದು ನನಗೆ ಗೊತ್ತು. ಯಜಮಾನರ ಮನೆಗೆ ಹೋಗಿ, ಆ ಮಾತನ್ನು ಬಳಸಿಕೊಳ್ಳಲೇ ಎಂದು ಕೇಳಿ, ಚಹಾ ಕುಡಿದು, ಅನುಮತಿ ಪಡೆದು, ಅದೇ ವಾರ ಅಂಧೇರಿಯಲ್ಲಿ ಹಿಂದಿಗೆ ತಿರುಗಿಸಿ ಹೇಳಿದೆ. ಒಬ್ಬರೂ ನಗಲಿಲ್ಲ. ಮಾಟುಂಗಾದಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿಗೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮೋರಿ ಗೊತ್ತಿತ್ತು, ತಮ್ಮ ಇಲ್ಲವೇ ತಮ್ಮ ಅಪ್ಪಂದಿರ ಕೈ ನೆನೆದ ಜಾಗ ಅದು. ಅಂಧೇರಿಯ ಹುಡುಗರಿಗೆ ಅದು ಬಚ್ಚಲಿನ ಇನ್ನೊಂದು ಹೆಸರು. ಸಭೆ ಹುಟ್ಟಿಸಿದ ಮಾತು ಆ ಸಭೆಗೇ ಅಂಟಿಕೊಂಡಿರುತ್ತದೆ, ಬಿಡಿಸಿ ಬೇರೆಡೆ ನೆಡಬೇಕಾದರೆ ಮಣ್ಣನ್ನೂ ಹೊತ್ತುಕೊಂಡು ಹೋಗಬೇಕು. ಆಮೇಲೆ ಮೂರು ತಿಂಗಳು ಅದೇ ಕೆಲಸ. ಇಬ್ಬರು ಹುಡುಗರು ಒಂದೇ ರೈಲಿನಲ್ಲಿ ಬಂದದ್ದು, ಒಬ್ಬ ಹೊರಗೆ, ಒಬ್ಬ ಒಳಗೆ, ಇಬ್ಬರೂ ರಾತ್ರಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ತೂಕಡಿಸುವುದು, ಇಷ್ಟನ್ನು ಮುಂಚಿತವಾಗಿ ಕಟ್ಟಿದ ಮೇಲೆ ಪ್ಲೇಟಿನ ಮಾತಿಗೆ ನಗು ಬರತೊಡಗಿದೆ. ತರಗತಿಯ ವ್ಯತ್ಯಾಸವನ್ನು ಅಳಿಸಿ ಇಬ್ಬರನ್ನೂ ಒಂದೇ ಬೆಂಚಿಗೆ ತಂದದ್ದು ನಾನು ಸೇರಿಸಿದ ಸುಳ್ಳು. ಯಜಮಾನರಿಗೆ ಫೋನಿನಲ್ಲಿ ಅದನ್ನು ತಿಳಿಸಿದಾಗ, ‘ನಿನ್ನ ಅಪ್ಪ ಕ್ಲಾಸಿನಲ್ಲಿ ತೂಕಡಿಸುತ್ತಿರಲಿಲ್ಲ, ಅದನ್ನು ತೆಗೆ’ ಎಂದರು. ತೆಗೆದಿಲ್ಲ.

ಹತ್ತರಲ್ಲಿ ಆರು ರಾತ್ರಿ ಈಗ ಅದು ನಿಲ್ಲುತ್ತದೆ. ‘ಪ್ಲೇಟು ಮಾತ್ರ’ ಎನ್ನುವಾಗ ನಗು ಪ್ಲೇಟಿನಲ್ಲೇ ಹೊರಡುತ್ತಿದೆ, ‘ಮಾತ್ರ’ ಅದರ ಕಾಲಿಗೆ ಸಿಕ್ಕುತ್ತಿದೆ ಎಂದು ನನಗೆ ಅನುಮಾನ. ಬರುವ ಗುರುವಾರ ಠಾಣೆಯಲ್ಲಿ ಐದು ನಿಮಿಷ ಸಿಕ್ಕಿದೆ. ಆ ಒಂದು ಪದವನ್ನು ಬಿಟ್ಟು ಹೇಳಿ ನೋಡಬೇಕು.