ಐದು ಮಂದಿ ಇದ್ದೀವಲ್ಲ ಅಕ್ಕಾ

ಶನಿವಾರ, 14 ಜೂನ್ 2025
ಧಾರವಾಡ

ಸಣ್ಣಾಕಿ ಬಂದಿದ್ದಳು. ಸಪ್ತಾಪುರದ ಪಿಜಿ ಊಟಕ್ಕೆ ಬ್ಯಾಸರಾದಾಗ ಬರುತ್ತಾಳೆ. ರೊಟ್ಟಿ, ಎಣ್ಣೆಗಾಯಿ ಮುಗಿಸಿ ತಟ್ಟೆಯ ಮುಂದೆಯೇ ಕೂತು ಸುದ್ದಿ ತೆಗೆದಳು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗೆಳತಿಯ ರೂಮಿನಲ್ಲಿ ಬರ್ತ್‌ಡೇ ಇತ್ತಂತೆ, ಒಬ್ಬಾಕಿ ಔಟ್ ಆದಳಂತೆ.

"ನೀನು?"

"ಎರಡ ಬ್ರೀಜರ್. ಅದೇನ ಕುಡಿಯೂದಲ್ಲ ಬಿಡ ಅಕ್ಕಾ."

ಶೇ 5ರ ಹತ್ತಿರ ಆಲ್ಕೋಹಾಲ್ ಇರತದ, ಮೈಲ್ಡ್ ಬಿಯರಿನಷ್ಟ, ಅಂದೆ. ಜ್ಯೂಸಿನ ರುಚಿ ಇದ್ದದ್ದಕ್ಕ ಗೊತ್ತಾಗೂದಿಲ್ಲ ಅಷ್ಟ. ಆಕೆಗೆ ಅದು ಮುಖ್ಯವೇ ಅಲ್ಲ. "ನಾವ ಐದು ಮಂದಿ ಇದ್ದೀವಲ್ಲ, ಏನಾಗತದ?"

ಅವರ ಕಟ್ಟುನಿಟ್ಟು ಕೇಳಿ ನಿಜವಾಗಿ ಮೆಚ್ಚಿದೆ. ಹುಡುಗರನ್ನು ಕರೆಯುವುದಿಲ್ಲ. ಬಿಟ್ಟು ಎದ್ದ ಗ್ಲಾಸನ್ನು ಮತ್ತೆ ಮುಟ್ಟುವುದಿಲ್ಲ, ಚೆಲ್ಲುತ್ತಾರೆ. ಫೋನೆಲ್ಲ ಒಂದು ಚೀಲದಲ್ಲಿ, ಯಾರ ಸ್ಟೇಟಸ್ಸಿಗೂ ಫೋಟೋ ಹೋಗಬಾರದು. ಗಾಡಿ ಹೊಡೆಯುವಾಕಿ ಬರೀ ಸೋಡಾ. ಬೈಪಾಸಿನ ಧಾಬಾದಿಂದ ಕುಡಿದು ಬೈಕಿನಲ್ಲಿ ಬರುವ ನಮ್ಮ ಮನೆ ಗಂಡಸರಿಗೆ ಈ ಬುದ್ಧಿ ಎಲ್ಲಿ? 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು ಅಂದರೆ ಕಾಕಾ ನಗುತ್ತಾನೆ.

ಆದರೆ ಅವರ ಅಂಜಿಕೆಯೆಲ್ಲ ಬಾಗಿಲ ಹೊರಗಿನದು. ಪಿಜಿ ಆಂಟಿ, ಆಟೋದವ, ಊರಲ್ಲಿ ಅಪ್ಪ. ಒಳಗೆ ಇಳಿದದ್ದರ ಬಗ್ಗೆ ಒಬ್ಬರಿಗೂ ಇಲ್ಲ.

"ಔಟ್ ಆದಾಕಿಗೆ ಏನ ಮಾಡಿದ್ರಿ?"

"ಲಿಂಬಿ ಹಣ್ಣಿನ ನೀರ ಕುಡಿಸಿದ್ವಿ, ಬ್ಲ್ಯಾಕ್ ಕಾಫಿ. ಆಮ್ಯಾಲೆ ಅಂಗಾತ ಮಲಗಿಸಿ ಬಾಗಲಾ ಹಾಕ್ಕೊಂಡ ಬಂದ್ವಿ."

ಎದೆ ಝಲ್ ಎಂದಿತು. ಅರೆಪ್ರಜ್ಞೆಯಲ್ಲಿ ಇರುವವರ ಬಾಯಿಗೆ ಏನನ್ನೂ ಹಾಕಬಾರದು, ಮಗ್ಗುಲಾಗಿ ಮಲಗಿಸಬೇಕು, ವಾಂತಿ ಉಸಿರಿನ ನಾಳಕ್ಕೆ ಇಳಿದರೆ ಮುಗೀತು. ಒಬ್ಬರು ಪಕ್ಕದಲ್ಲೇ ಕೂತಿರಬೇಕು. ಕಾಫಿ ಏನೂ ಇಳಿಸುವುದಿಲ್ಲ, ಲಿವರ್ ತನಗೆ ಬೇಕಾದಷ್ಟು ತಾಸು ತಗೊಂಡೇ ತಗೊಳ್ಳುತ್ತದೆ. ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ, ಅಷ್ಟೇ ತೂಕದ ಗಂಡಸಿಗಿಂತ ಅದೇ ಪೆಗ್ಗು ರಕ್ತದಲ್ಲಿ ಹೆಚ್ಚು ಏರುತ್ತದೆ ಎಂದೂ ಹೇಳಿದೆ.

"ಅದರಾಗೂ ನಮಗ ಅನ್ಯಾಯನ?" ಎಂದು ನಕ್ಕಳು. ನನಗೂ ನಗು ಬಂತು.

"ಎಬ್ಬಿಸಿದ್ರೂ ಏಳಲಿಲ್ಲ ಅಂದ್ರ 108ಕ್ಕ ಫೋನ್ ಮಾಡ್ರಿ."

ನಗು ನಿಂತಿತು. "108 ಬಂದ್ರ ಓಣಿ ಅಷ್ಟೂ ಎದ್ದ ನೋಡತದಲ್ಲ ಅಕ್ಕಾ. ಮುಂಜಾನಿ ಆಕಿ ಅಪ್ಪಗ ಯಾರ ಹೇಳಾವ್ರು?"

ಉಣಕಲ್ ಕ್ರಾಸಿನಲ್ಲಿ ಕಾಕಾ ಕುಡಿದು ಬಿದ್ದಾಗ ನಾಲ್ಕು ಮಂದಿ ಎತ್ತಿ ಆಟೋಕ್ಕೆ ಹಾಕಿ ಮನೆಗೇ ತಂದುಬಿಟ್ಟಿದ್ದರು. ಅತ್ತಿ ಅವರಿಗೆಲ್ಲ ಚಹಾ ಮಾಡಿಕೊಟ್ಟಳು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ಕುಡಿಯುವವರು ಶೇ 1.3 ಅಂತ ಬಂದಿದೆ. ಬಾಗಿಲಿಗೆ ಬಂದು ಕೇಳಿದರೆ, ಅತ್ತೆ ಒಳಗಿನಿಂದ ಕಿವಿ ಕೊಟ್ಟಿರುವಾಗ, ಯಾವ ಸೊಸೆ ಹೂಂ ಅಂದಾಳು?

ಚಿಗರಿ ಬಸ್ ಹಿಡಿದು ಹೋದಳು, ಮುಟ್ಟಿದೆ ಅಂತ ಮೆಸೇಜೂ ಬಂತು. ಇನ್ನೂ ಹಿಟ್ಟು ನಾದಿಲ್ಲ, ಕರೆಂಟ್ ಬೇರೆ ಇಲ್ಲ. ಅತ್ತಿಯ ಮುಂದೆ ಹೇಳಲೇ? ಹೇಳಿದರೆ ಇಂಥ ಸುದ್ದಿ ನನ್ನ ತನಕ ಬರುವುದು ಇವತ್ತಿಗೇ ಮುಗಿಯುತ್ತದೆ. ಯಾವ ಹೊತ್ತಿದ್ದರೂ ನನಗೆ ಫೋನ್ ಮಾಡು ಅಂದರೆ ಕುಡಿಯಲು ಪರವಾನಗಿ ಕೊಟ್ಟಂಗಾಗತದ ಅಂತಾರೆ ಇವರು. ಆಗಲಿ. ಆದರೆ ಆಕೆ ಫೋನ್ ಮಾಡಿದರೂ, ಇಲ್ಲಿಂದ ವಿದ್ಯಾನಗರಕ್ಕೆ ಅಷ್ಟೊತ್ತಿಗೆ ನಾನು ಹೋಗುವುದು ಹೇಗೆ, ಇವರನ್ನು ಎಬ್ಬಿಸದೆ...