ತೊಗಟೆಯ ಕಹಳೆ, ನಾಲ್ಕನೆಯ ಪ್ರತಿ: ಹೊಲಿಗೆಯ ಜರ್ರೆನ್ನುವ ಸದ್ದು ನಿಂತಿತು

ಮೂರು ವಾರಗಳಿಂದ ನನ್ನ ನೆಮ್ಮದಿ ಕೆಡಿಸಿದ್ದ ಒಂದು ಸದ್ದು ನಿನ್ನೆ ಬೆಳಿಗ್ಗೆ ನಿಂತಿತು. ಮೂಸ್ ಎಂಬ ದೈತ್ಯ ಜಿಂಕೆಯ ಗಂಡನ್ನು ಬೇಟೆಗಾರನತ್ತ ಸೆಳೆಯಲು ಬರ್ಚ್ ಮರದ ತೊಗಟೆಯಿಂದ ಮಾಡಿದ ನನ್ನ ನಾಲ್ಕನೆಯ ಕಹಳೆಯು ಹೆಣ್ಣು ಮೂಸ್‌ನ ನೀಳ ಕೂಗನ್ನು, ನಿಧಾನವಾಗಿ ಕೆಳಗಿಳಿಯುವ ಅದರ ಕೊನೆಯ ಭಾಗವೂ ಸೇರಿದಂತೆ, ನಡುವೆ ಎಲ್ಲಿಯೂ ಒಡೆಯದೆ ಸರೋವರದ ಆಚೆ ದಡಕ್ಕೆ ಮುಟ್ಟಿಸಿತು. ತೊಗಟೆಯನ್ನು ಕತ್ತರಿಸುವ, ಬಿಸಿನೀರಿನಲ್ಲಿ ಮೆತ್ತಗಾಗಿಸಿ ಸುತ್ತುವ ಹಂತಗಳು ಈ ಕೆಲಸ ಮಾಡುವವರಿಗೆಲ್ಲ ತಿಳಿದೇ ಇರುವುದರಿಂದ ಅವನ್ನು ಬಿಟ್ಟು, ಹೊಲಿಗೆಯ ಕಥೆಯನ್ನೇ ವಿವರವಾಗಿ ಬರೆಯುತ್ತೇನೆ.

ಹಿಂದಿನ ಪ್ರತಿಯಲ್ಲಿದ್ದ ಆ ಹೊಲಿಗೆಯ ದೋಷ ನನ್ನ ಕಿವಿಗೆ ಬಿದ್ದದ್ದು ಎಲೆಕ್ಟ್ರಾನಿಕ್ ಪೆಟ್ಟಿಗೆಯ ದೆಸೆಯಿಂದ. ಈ ಸಲ ಕೆನಡಾದ ಉತ್ತರ ಒಂಟಾರಿಯೊದಲ್ಲಿ ನಮ್ಮ ತಂಡಕ್ಕೆ ಗಂಡು ಮೂಸ್‌ನ ಟ್ಯಾಗ್, ಅಂದರೆ ಬೇಟೆಯ ಪರವಾನಗಿ ಚೀಟಿ, ಸಿಕ್ಕಿದೆ. 2021ರಿಂದ ಇಲ್ಲಿ ಟ್ಯಾಗುಗಳನ್ನು ಅಂಕಗಳ ಆಧಾರದ ಮೇಲೆ ಹಂಚುತ್ತಾರೆ. ವರ್ಷವರ್ಷವೂ ಕೂಡಿಟ್ಟ ಅಂಕಗಳು ಟ್ಯಾಗ್ ಪಡೆದೊಡನೆ ಖರ್ಚಾಗಿಹೋಗುವುದರಿಂದ, ಇಂಥ ಅವಕಾಶವನ್ನು ಊಹೆಯ ಕೈಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಧ್ವನಿಮುದ್ರಿತ ಕೂಗನ್ನು ನುಡಿಸುವ ಪೆಟ್ಟಿಗೆ ಮೇಲೋ, ಕಹಳೆ ಮೇಲೋ ಎಂಬ ಹಳೆಯ ವಾದವನ್ನು ಕಿವಿಯಿಂದಲೇ ತೀರ್ಮಾನಿಸೋಣವೆಂದು, ಬೇಟೆಯ ಅವಧಿ ಆರಂಭವಾಗುವ ಮೊದಲೇ ಸರೋವರದ ಈಚೆ ದಡದಲ್ಲಿ ಎರಡನ್ನೂ ಇಟ್ಟುಕೊಂಡು, 700 ಮೀಟರ್ ಆಚೆಯ ದಡದಲ್ಲಿ ರೆಕಾರ್ಡರ್ ಇರಿಸಿದೆ.

ಮೊದಲ ದಿನದ ಪರೀಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಕಹಳೆಯನ್ನು ಬೆಳಿಗ್ಗೆ ಆರಕ್ಕೂ ಪೆಟ್ಟಿಗೆಯನ್ನು ಒಂಬತ್ತಕ್ಕೂ ನುಡಿಸಿದ್ದೆ. ನೀರಿಗೆ ತಾಗಿದ ಗಾಳಿ ತಣ್ಣಗಿದ್ದು ಅದರ ಮೇಲೆ ಬೆಚ್ಚನೆಯ ಪದರವಿರುವಾಗ ಶಬ್ದವು ಕೆಳಕ್ಕೆ ಬಾಗಿ ಬಹುದೂರ ಸಾಗುತ್ತದೆ, ಬಿಸಿಲೇರಿದ ಮೇಲೆ ಆ ಅನುಕೂಲ ಉಳಿಯುವುದಿಲ್ಲ. ಮರುದಿನ ಹತ್ತು ನಿಮಿಷದೊಳಗೆ ಒಂದಾದ ಮೇಲೊಂದರಂತೆ ಎರಡನ್ನೂ ನುಡಿಸಿದೆ. ಇಪ್ಪತ್ತು ಮೀಟರಿನಲ್ಲಿ ಪೆಟ್ಟಿಗೆಯದೇ ದೊಡ್ಡ ದನಿ. ಆದರೆ ಆಚೆ ದಡದ ಮುದ್ರಣದಲ್ಲಿ ಅದರ ಕೂಗು ತೆಳ್ಳಗಾಗಿ, ಮೂಗಿನ ಸ್ವರವಷ್ಟೇ ಉಳಿದು, ಕೆಳಸ್ಥಾಯಿಯ ನರಳಿಕೆ ಬಹುಮಟ್ಟಿಗೆ ಮಾಯವಾಗಿತ್ತು. ಅಂಗೈಯಗಲದ ಸ್ಪೀಕರಿಗೆ ಆ ಸ್ವರವನ್ನು ಹೊರಡಿಸುವ ಕಸುವಿಲ್ಲ, ದನಿಯನ್ನು ತುದಿಗೇರಿಸಿದರೆ ಅದು ಒಡೆಯುತ್ತದೆ. ಕಹಳೆಯ ಕೂಗಾದರೋ ತುಂಬಿಕೊಂಡೇ ಬಂದಿತ್ತು. ಆದರೆ ಸ್ವರ ಇಳಿಯತೊಡಗಿದ ಕ್ಷಣದಿಂದ ಅದರ ಬೆನ್ನಿಗೆ ಹರಿದ ಕಾಗದವನ್ನು ಊದಿದಂಥ ಒಂದು ಜರ್ರೆನ್ನುವ ಸದ್ದು ಅಂಟಿಕೊಂಡಿತ್ತು. ಊದುವಾಗ ನನ್ನದೇ ಗಂಟಲಿನ ಅಬ್ಬರದಲ್ಲಿ ಅದು ನನಗೆ ಕೇಳಿಸಿರಲಿಲ್ಲ.

ಅಂಚಿನ ಬಳೆಯನ್ನು ಬಿಗಿಮಾಡಿದೆ, ಬಾಯಿಯ ತುದಿಯನ್ನು ಎರಡು ಮಿಲಿಮೀಟರ್ ಕತ್ತರಿಸಿದೆ, ಏನೂ ಫಲವಾಗಲಿಲ್ಲ. ಕಡೆಗೆ ಮಗಳಿಗೆ ಊದಲು ಹೇಳಿ, ಹೊಲಿಗೆಯ ಉದ್ದಕ್ಕೂ ಬೆರಳೊತ್ತುತ್ತ ಹೋದಾಗ, ಬಾಯಿಯಿಂದ ಮೂರನೆಯ ಹೊಲಿಗೆಯ ಮೇಲೆ ಒತ್ತಿದೊಡನೆ ಸದ್ದು ಅಡಗಿತು. ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ತೂತಿನಿಂದ ತೂತಿಗೆ ಕೂದಲೆಳೆಯಷ್ಟು ಸೀಳು ಓಡಿತ್ತು, ಮೇಲಿನ ಪದರದ ಅಂಚು ಗಾಳಿಯ ಹೊಡೆತಕ್ಕೆ ನಾಲಿಗೆಯಂತೆ ಅದುರುತ್ತಿತ್ತು.

ಅಡಿಕೆಯ ಹಾಳೆಯನ್ನು ನೆನೆಸಿ ಟೋಪಿ ಕಟ್ಟುವುದನ್ನು ನೋಡಿ ಬೆಳೆದವರಿಗೆ ಈ ತೊಗಟೆಯ ಸ್ವಭಾವ ಬೇಗ ಅರ್ಥವಾಗುತ್ತದೆ. ನೆನೆದಾಗ ಹೇಳಿದಂತೆ ಕೇಳುತ್ತದೆ, ಒಣಗಿದ ಮೇಲೆ ತನ್ನ ಎಳೆಯ ಜಾಡು ಹಿಡಿದು ಸೀಳುತ್ತದೆ. ನಮ್ಮ ಭೂರ್ಜಪತ್ರದ ಮರಕ್ಕೆ ಹತ್ತಿರದ ನೆಂಟನಾದ ಈ ಬಿಳಿ ಬರ್ಚಿನಲ್ಲಿ ಎಳೆ ಓಡುವುದು ಮರದ ಸುತ್ತ ಕಾಣುವ ಕಪ್ಪು ಅಡ್ಡಗೆರೆಗಳ ದಿಕ್ಕಿನಲ್ಲಿ. ಸುತ್ತಲು ಸುಲಭವೆಂದು ಆ ಗೆರೆಗಳು ಕಹಳೆಯ ಉದ್ದಕ್ಕೆ ಬರುವಂತೆ ಸುತ್ತಿದ್ದೆ, ಹೊಲಿಗೆಯ ತೂತುಗಳನ್ನು ಒಂದೇ ನೇರದಲ್ಲಿ ಚುಚ್ಚಿದ್ದೆ. ಅಂಚೆಚೀಟಿಯ ಹಾಳೆಯಲ್ಲಿ ಹರಿಯಲೆಂದೇ ಮಾಡುವ ತೂತುಸಾಲು ಹೇಗೋ ಇದೂ ಹಾಗೆಯೇ ಆಗಿತ್ತು. ಬರ್ಚ್ ತೊಗಟೆಯ ಹಳೆಯ ದೋಣಿಗಳಲ್ಲಿ ಒಂದು ಹೊಲಿಗೆ ಉದ್ದ, ಮುಂದಿನದು ಗಿಡ್ಡ ಎಂಬಂತೆ ತೂತುಗಳನ್ನು ಹಿಂದುಮುಂದಾಗಿಸಿರುವುದನ್ನು ಬರಿಯ ಅಲಂಕಾರವೆಂದು ಎಣಿಸಿದ್ದೆ. ಎಳೆತವೆಲ್ಲ ಒಂದೇ ಎಳೆಯ ಮೇಲೆ ಬೀಳದಿರಲೆಂದು ಇಲ್ಲಿನ ಮೂಲನಿವಾಸಿಗಳು ಕಂಡುಕೊಂಡ ಉಪಾಯ ಅದು. ನಾಲ್ಕನೆಯ ಪ್ರತಿಯಲ್ಲಿ ಹಾಗೆಯೇ ಹೊಲಿದೆ. ಹೊಲಿಗೆಯ ದಾರವಾಗಿ ಸೀಳಿದ ಸ್ಪ್ರೂಸ್ ಎಂಬ ಸೂಚಿಪರ್ಣಿ ಮರದ ಬೇರನ್ನು ರಾತ್ರಿಯಿಡೀ ನೆನೆಸಿ, ಒಳಪದರದ ಅಂಚನ್ನು ಚೂರಿಯಿಂದ ಹೆರೆದು ತೆಳುವಾಗಿಸಿದೆ.

ತೊಗಟೆಯ ಬಗ್ಗೆ ಒಂದು ದೂರನ್ನು ಇಲ್ಲಿ ಹೇಳಲೇಬೇಕು. ಆನ್‌ಲೈನಿನಲ್ಲಿ ಮಾರುವ ಒಬ್ಬರು, ಬೇಸಗೆಯ ಆರಂಭದಲ್ಲಿ ಸುಲಿದ ದಪ್ಪ ತೊಗಟೆಯೆಂದು ಹಣ ಪಡೆದು, ಗಂಟುಕಣ್ಣುಗಳಿಂದ ತುಂಬಿದ, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಹಾಳೆಗಳನ್ನು ಕಳಿಸಿದರು. ಎರಡನೆಯ ಪ್ರತಿ ಹಾಳಾದದ್ದು ಅದರಿಂದ. ಜೀವಂತ ಮರದಿಂದ ಬಂದ ವಸ್ತುವನ್ನು ಹೀಗೆ ಸುಳ್ಳು ಹೇಳಿ ಮಾರುವುದು ನನಗೆ ಹಣದ ನಷ್ಟಕ್ಕಿಂತ ಹೆಚ್ಚು ನೋವುಂಟುಮಾಡಿತು.

ಹೊಲಿಗೆಯ ಮೇಲೆ ಬಳಿಯುವ ಸ್ಪ್ರೂಸ್ ಅಂಟಿಗೆ ಮೊದಲು ಮನೆಯಲ್ಲಿದ್ದ ತುಪ್ಪ ಬೆರೆಸಿದೆ. ಅದು ಬಿಸಿಲಿನಲ್ಲಿ ಬೆರಳಿಗೆ ಮೆತ್ತಿಕೊಂಡಿತು. ಜಿಂಕೆಯ ಕೊಬ್ಬು ಮತ್ತು ಇದ್ದಿಲ ಪುಡಿ ಸೇರಿಸಿದ ಪಾಕವನ್ನು ತೊಗಟೆಯ ಚೂರಿಗೆ ಬಳಿದು, ತಣ್ಣೀರಿನಲ್ಲಿ ಅದ್ದಿ ಬಗ್ಗಿಸಿದಾಗ ಬಿರುಕು ಬಿಡಲಿಲ್ಲ. ಅದನ್ನೇ ಉಳಿಸಿಕೊಂಡೆ.

ಹಾಗೆಂದು ಪೆಟ್ಟಿಗೆಯನ್ನು ನಾನು ತಳ್ಳಿಹಾಕುವುದಿಲ್ಲ. ಕೂಗು ಒಂದು ಕಡೆ, ಬೇಟೆಗಾರ ಇನ್ನೊಂದು ಕಡೆ ಇರುವಂತೆ ಮಾಡಲು, ಗಂಡು ತನ್ನ ಗಮನವನ್ನೆಲ್ಲ ಬೇರೆಡೆಗೆ ನೆಡುವಂತೆ ಮಾಡಲು, ಒಬ್ಬನೇ ಇರುವವನಿಗೆ ಅದು ದೊಡ್ಡ ಸಹಾಯ. ಅಲಾಸ್ಕದ ನಿಯಮಗಳು ಮೂಸ್ ಬೇಟೆಗೆ ಎಲೆಕ್ಟ್ರಾನಿಕ್ ಕೂಗನ್ನು ನಿಷೇಧಿಸಿರುವುದರ ಹಿಂದೆಯೂ ಇಂಥದೇ ಬಲದ ಎಚ್ಚರವಿದೆ ಎಂದು ನಾನು ಭಾವಿಸುತ್ತೇನೆ. ಆದರೆ ಗಂಡು ನೂರು ಮೀಟರಿನೊಳಗೆ ಬಂದು, ಗಾಳಿಯ ಕೆಳದಿಕ್ಕಿಗೆ ಸುತ್ತುಹಾಕುತ್ತ ಅನುಮಾನದಿಂದ ನಿಂತಾಗ, ಅದೇ ಕೂಗು ಅದೇ ಉದ್ದದಲ್ಲಿ ಮರಳಿ ಮರಳಿ ಬರುವುದು ಕೆಲಸ ಕೆಡಿಸುತ್ತದೆ. ಕಹಳೆಯನ್ನು ಹಿಂದಕ್ಕೆ ತಿರುಗಿಸಿ, ನೆಲದ ಕಡೆಗೆ ಬಾಗಿಸಿ, ಹೆಣ್ಣು ದೂರ ಸರಿಯುತ್ತಿದೆ ಎಂಬಂತೆ ಮೆಲ್ಲನೆ ನರಳುವ ಆಯ್ಕೆ ಊದುವವನಿಗೆ ಮಾತ್ರ ಇದೆ.

ಈ ನಡುವೆ ಮುಂದಿನ ಕೆಲಸವೂ ತಲೆಯಲ್ಲಿ ಕುಳಿತಿದೆ: ಆಲ್ಡರ್ ಪೊದೆಗೆ ಉಜ್ಜಿ, ಕೊಂಬು ಮಸೆಯುವ ಸದ್ದು ಹೊರಡಿಸಲು ಒಣಗಿದ ಹೆಗಲಮೂಳೆ. ಮೂಸ್‌ನ ಅಗಲವಾದ ಕೊಂಬು ಶಬ್ದವನ್ನು ಕಿವಿಯ ಕಡೆಗೆ ಪ್ರತಿಫಲಿಸುತ್ತದೆ, ಕಿವಿಯನ್ನು ಅದರತ್ತ ತಿರುಗಿಸಿದಾಗ ಶಬ್ದದ ಒತ್ತಡ ಸುಮಾರು 19 ಪ್ರತಿಶತ ಹೆಚ್ಚುತ್ತದೆ ಎಂದು ಜಾರ್ಜ್ ಬುಬೆನಿಕ್ ಮತ್ತು ಪೀಟರ್ ಬುಬೆನಿಕ್ 2008ರಲ್ಲಿ ಪ್ರಕಟಿಸಿದ್ದರು. ಅಷ್ಟು ಸೂಕ್ಷ್ಮವಾಗಿ ಕೇಳುವ ಪ್ರಾಣಿಗೆ ಮೂಳೆಯ ಬದಲು ಪ್ಲಾಸ್ಟಿಕ್ ತುಂಡಿನ ಸದ್ದು ಸಾಕಾಗಲಾರದು ಎಂಬುದು ನನ್ನ ಅನಿಸಿಕೆ.

ನಿನ್ನೆಯ ಮುದ್ರಣವನ್ನು ರಾತ್ರಿ ಕುಳಿತು ಪೂರ್ತಿ ಕೇಳಿದೆ. ಕಹಳೆಯ ಕೊನೆಯ ಕೂಗು ಶುದ್ಧವಾಗಿ ಇಳಿದು ನಿಲ್ಲುತ್ತದೆ. ನಾನು ಸಾಮಾನು ಕಟ್ಟಿಕೊಂಡು ಹೊರಟು ಹದಿನಾಲ್ಕು ನಿಮಿಷವಾದ ಮೇಲೆ ರೆಕಾರ್ಡರಿನ ಹಿಂದಿನ ಪೊದೆಯಲ್ಲಿ ಒಂದು ಕೊಂಬೆ ಮುರಿಯುತ್ತದೆ. ಆಮೇಲೆ ಹೆಜ್ಜೆಗೊಂದರಂತೆ ಗಂಡಿನ ಗಿಡ್ಡ ಹೂಂಕಾರ, ಐದು ಸಲ, ನೀರಿನ ಕಡೆಗೆ. ಈ ಶನಿವಾರ ಕೊನೆಯ ಕೂಗಿನ ನಂತರ ಒಂದು ಗಂಟೆ ಕದಲದೆ ಕುಳಿತಿರುತ್ತೇನೆ.